ಸ್ಟೂಲಕ್ಕನ ಮೂರು ಪ್ರಶ್ನೆಗಳು

ಕಾಲೇಜಿನ ಹಿಂಬದಿಯಲ್ಲಿ, ಸೈಕಲ್ ಸ್ಟ್ಯಾಂಡಿಗೂ ಜನರೇಟರ್ ಕೋಣೆಗೂ ನಡುವೆ ಒಂದು ಉಗ್ರಾಣವಿತ್ತು. ಅದರ ಬಾಗಿಲು ತೆರೆದದ್ದನ್ನು ಕಂಡವರು ಕಡಿಮೆ. ವ್ಯವಹಾರವೆಲ್ಲ ಒಂದು ಕಿಟಕಿಯ ಮೂಲಕ. ಆ ಕಿಟಕಿಯ ಹಿಂದೆ ಇಪ್ಪತ್ತಾರು ವರ್ಷದಿಂದ ಕೂತಿದ್ದ ಹೆಂಗಸಿಗೆ ಕಾಗದದಲ್ಲಿ ಉಗ್ರಾಣಪಾಲಕಿ ಎಂಬ ಹುದ್ದೆ. ವಿದ್ಯಾರ್ಥಿಗಳ ಬಾಯಲ್ಲಿ ಅವಳು ಸ್ಟೂಲಕ್ಕ.

ಊರಿನ ಸೇವೆ ಮಾಡಲು ಹೊರಟ ವಿದ್ಯಾರ್ಥಿ ತಂಡಗಳಿಗೆ ಗುದ್ದಲಿ, ಸಲಿಕೆ, ಬಕೆಟ್ಟು, ಬ್ರಷ್ಷು, ಹಗ್ಗ ಕೊಡುವುದು ಅವಳ ಕೆಲಸ. ಸೇವಾ ವಿಭಾಗಕ್ಕೆ ಒಬ್ಬ ಮೇಷ್ಟ್ರು ಇದ್ದರು. ಎರಡು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು. ಬಂದ ಮೇಷ್ಟ್ರು ಮೊದಲ ವಾರದಲ್ಲೇ ಒಂದು ವಿಷಯ ತಿಳಿದುಕೊಳ್ಳುತ್ತಿದ್ದರು: ಸಹಿ ತಮ್ಮದು, ತೀರ್ಮಾನ ಕಿಟಕಿಯದು.

ಸಾಮಾನು ಕೊಡುವವರಲ್ಲಿ ಎರಡು ಬಗೆ. ಕೇಳಿದ್ದನ್ನು ಕಟ್ಟಿ ಕೊಡುವವರು ಒಂದು ಬಗೆ. ಯಾಕೆ ಬೇಕು ಎಂದು ವಿಚಾರಿಸಿ, ಕೊನೆಗೆ ಬೇರೆ ಏನನ್ನೋ ಕೊಟ್ಟು ಕಳಿಸುವವರು ಇನ್ನೊಂದು. ಮೊದಲಿನವರ ಅಂಗಡಿ ಬೇಗ ಖಾಲಿಯಾಗುತ್ತದೆ. ಎರಡನೆಯವರ ಅಂಗಡಿಗೆ ಗಿರಾಕಿ ಗೊಣಗುತ್ತಲೇ ಮತ್ತೆ ಬರುತ್ತಾನೆ. ಸ್ಟೂಲಕ್ಕನೂ ಮೊದಲ ಆರು ವರ್ಷ ಮೊದಲಿನ ಬಗೆಯವಳೇ ಆಗಿದ್ದಳು.

ಆರನೇ ವರ್ಷ ಹನ್ನೆರಡು ಜನ ಬಂದು ಬಿಳಿ ಬಣ್ಣ, ಬ್ರಷ್ಷು ಕೇಳಿದರು. ಕೊಟ್ಟಳು. ಅವರು ನೇರ ಹೋಗಿ ಒಂದು ಓಣಿಯ ಕೊಳಕು ಗೋಡೆಯನ್ನು ಒಂದೇ ಭಾನುವಾರದಲ್ಲಿ ಬೆಳ್ಳಗೆ ಬೆಳಗಿಸಿ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡು ಬಂದರು. ಸೋಮವಾರ ಬೆಳಿಗ್ಗೆ ಓಣಿಯ ತಾಯಂದಿರೆಲ್ಲ ಕಿಟಕಿಯ ಮುಂದೆ ಹಾಜರು. ಆ ಗೋಡೆಯ ಮೇಲೆ ಮೂವತ್ತು ವರ್ಷದಿಂದ ಓಣಿಯ ಪ್ರತಿ ಮಗುವಿನ ಎತ್ತರವನ್ನೂ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ವರ್ಷ ಬರೆದು ಇಟ್ಟಿದ್ದರಂತೆ.

"ನನ್ನ ಮಗ ಪಕ್ಕದ್ಮನೆ ಹುಡುಗನಿಗಿಂತ ಒಂದು ಬೆರಳು ಎತ್ತರ ಇದ್ದ. ಈಗ ಅವರು ಒಪ್ತಾ ಇಲ್ಲ. ನೀವೇ ಬಂದು ಹೇಳಿ!" ಎಂದು ಒಬ್ಬಳು ಜಗಳಕ್ಕೇ ನಿಂತಳು.

ಒಂದೇ ದಿನದಲ್ಲಿ ಒಂದಿಡೀ ಓಣಿಯ ಮಕ್ಕಳು ಎತ್ತರ ಕಳೆದುಕೊಂಡಿದ್ದರು. ಬ್ರಷ್ಷು ಕೊಟ್ಟ ಕೈ ಇವಳದು. ಅವತ್ತಿನಿಂದ ಕಿಟಕಿಯಲ್ಲಿ ಸಾಮಾನಿಗೆ ಮೊದಲು ಮೂರು ಪ್ರಶ್ನೆ ಹೊರಗೆ ಬರತೊಡಗಿದವು. ಯಾರಿಗೆ ಬೇಕು? ಅವರನ್ನ ಕೇಳಿದ್ರಾ? ನೀವು ಹೋದ ಮೇಲೆ ಯಾರು ನೋಡ್ಕೋತಾರೆ?

ಉತ್ತರ ಗೊತ್ತಿಲ್ಲದವರಿಗೆ ಗುದ್ದಲಿಯೂ ಇಲ್ಲ, ಬಕೆಟ್ಟೂ ಇಲ್ಲ. ಅವರಿಗೆ ಒಂದು ಮಡಚುವ ಸ್ಟೂಲು. ಡ್ರಾಯಿಂಗ್ ಹಾಲಿನಿಂದ ಎಸೆದ ಐದು ಸ್ಟೂಲುಗಳನ್ನು ಅವಳೇ ರಿಪೇರಿ ಮಾಡಿಸಿ ಇಟ್ಟಿದ್ದಳು. ನಿಯಮ ಸರಳ: ಫೋನು ಅವಳ ಡ್ರಾಯರಿನಲ್ಲಿ ಬಿಡಬೇಕು, ಸ್ಟೂಲು ಹೊತ್ತು, ಎಲ್ಲಿ ಸೇವೆ ಮಾಡಬೇಕೆಂದಿದ್ದಾರೋ ಅಲ್ಲಿ ಹೋಗಿ, ದಿನಕ್ಕೆ ಎರಡು ಗಂಟೆಯಂತೆ ಮೂರು ದಿನ ಸುಮ್ಮನೆ ಕೂರಬೇಕು. ಭಾಷಣ ಮಾಡುವಂತಿಲ್ಲ, ಏನನ್ನೂ ಹಂಚುವಂತಿಲ್ಲ. ಬೀದಿಯಲ್ಲಿ ಸುಮ್ಮನೆ ಕೂತವರನ್ನು ಜನ ಸುಮ್ಮನೆ ಬಿಡುವುದಿಲ್ಲ. ಯಾರು, ಏನು, ಯಾಕೆ ಎಂದು ಬಂದೇ ಬರುತ್ತಾರೆ. ಬಂದವರು ತಮ್ಮ ವಿಷಯ ಹೇಳದೆ ಹೋಗುವುದಿಲ್ಲ. ಇಷ್ಟೇ ಅವಳ ವಿದ್ಯೆ. ಇದಕ್ಕೆ ಅವಳು ಯಾವ ಹೆಸರನ್ನೂ ಇಟ್ಟಿರಲಿಲ್ಲ.

ಹೀಗೆ ಊರಿಗೆಲ್ಲ ಪ್ರಶ್ನೆ ಕಲಿಸಿದವಳ ಮನೆಯಲ್ಲೇ ಒಂದು ಪ್ರಶ್ನೆ ಎರಡು ವರ್ಷದಿಂದ ಕೂತಿತ್ತು.

ಮನೆ ಇದ್ದದ್ದು ಮಾರ್ಕೆಟ್ಟಿನ ಮೇಲಿನ ದಿಬ್ಬದಲ್ಲಿ. ಮಾರ್ಕೆಟ್ಟಿಗೂ ದಿಬ್ಬಕ್ಕೂ ನಡುವೆ ಅರವತ್ತೆರಡು ಕಲ್ಲಿನ ಮೆಟ್ಟಿಲು. ಕೆಳಗೆ, ಮೆಟ್ಟಿಲಿನ ಬುಡದಲ್ಲೇ, ಟೈಲರುಗಳ ಸಾಲು. ಆ ಸಾಲಿನ ಮೂರನೇ ಜಾಗ ಸ್ಟೂಲಕ್ಕನ ಅತ್ತೆಯದು. ನಲವತ್ತು ವರ್ಷ ಅಲ್ಲಿ ಕೂತು ಕಾಜಾ ತೆಗೆದವರು. ಗುಂಡಿ ತೂರುವ ಆ ಪುಟ್ಟ ಕಿಂಡಿಯ ಸುತ್ತ ಅವರು ಹಾಕುತ್ತಿದ್ದ ಹೊಲಿಗೆ ನೋಡಿ, ಬಟ್ಟೆ ಹರಿದರೂ ಕಾಜಾ ಉಳಿಯುತ್ತದೆ ಎನ್ನುತ್ತಿದ್ದರು ಜನ. ಎಪ್ಪತ್ತೆರಡನೇ ವಯಸ್ಸಿನಲ್ಲಿ ಮಳೆಯಲ್ಲಿ ಆ ಮೆಟ್ಟಿಲ ಮೇಲೆ ಜಾರಿ ಬಿದ್ದು ಕಾಲಿನ ಮೂಳೆ ಮುರಿಯಿತು. ಮೂಳೆ ಕೂಡಿತು. ಡಾಕ್ಟರು ನಡೆಯಿರಿ ಎಂದರು. ಅತ್ತೆ ಮನೆಯೊಳಗೆ ಚೆನ್ನಾಗಿಯೇ ನಡೆದರು. ಮೆಟ್ಟಿಲಿನ ಕಡೆ ಮಾತ್ರ ತಿರುಗಲಿಲ್ಲ.

"ಇಳಿದು ಏನು ಮಾಡೋದಿದೆ? ಎಲ್ಲ ನೋಡಿಯಾಗಿದೆ," ಎನ್ನುವುದು ಅವರ ಉತ್ತರ.

ಎರಡು ವರ್ಷದಲ್ಲಿ ಆ ಮನೆಯಲ್ಲಿ ಹೊಲಿಗೆ ಬೀಳದೆ ಉಳಿದದ್ದು ಬೆಕ್ಕು ಒಂದೇ. ಪರದೆಗಳಿಗೆ ಎರಡೆರಡು ಅಂಚು, ದಿಂಬಿನ ಚೀಲಗಳಿಗೆ ಗುಂಡಿ, ಮಗನ ಅಂಗಿಗಳ ಗುಂಡಿಯನ್ನೆಲ್ಲ ಕಿತ್ತು ಮತ್ತೆ ಹಾಕಿ ಬಿಗಿ ಮಾಡಿದ್ದರು. ಮಗ ಬಸ್ ಡ್ರೈವರು. ಊರನ್ನೆಲ್ಲ ಹೊತ್ತು ತಿರುಗುತ್ತಿದ್ದ, ಮನೆಯಲ್ಲಿ ಮಾತ್ರ ಅವನದು ಯಾವತ್ತೂ ಹಿಂದಿನ ಸೀಟು. "ಅಮ್ಮನ್ನ ಏನಾದ್ರೂ ಮಾಡೇ, ಈ ಅಂಗಿ ಬಿಚ್ಚೋಕೆ ನಂಗೆ ಅರ್ಧ ಗಂಟೆ ಬೇಕು," ಎಂದು ಹೆಂಡತಿಗೆ ಪಿಸುಗುಟ್ಟಿ ಡ್ಯೂಟಿಗೆ ಹೋಗುತ್ತಿದ್ದ.

ಆ ತಿಂಗಳ ಆರಂಭದಲ್ಲಿ ಟೈಲರುಗಳ ಮೇಸ್ತ್ರಿ ಸ್ಟೂಲಕ್ಕನನ್ನು ದಾರಿಯಲ್ಲಿ ತಡೆದ. "ತಂಗೀ, ಎರಡು ವರ್ಷ ಜಾಗ ಕಾದಿಟ್ಟೆ. ಮಿಷನ್ನಿಗೆ ಧೂಳು ಹಿಡೀತಾ ಇದೆ. ಕೇಳೋರು ದಿನಾ ಇಬ್ರು ಬರ್ತಾರೆ. ಮುಂದಿನ ತಿಂಗಳ ಒಂದನೇ ತಾರೀಖಿನ ತನಕ ನೋಡ್ತೀನಿ. ಅವತ್ತು ನಿಮ್ಮತ್ತೆ ಬಂದು ಕೂತ್ರೆ ಅವರದು. ಇಲ್ಲ ಅಂದ್ರೆ ಬೇರೆಯವರಿಗೆ ಕೊಡ್ಲೇಬೇಕು. ಬೇಜಾರು ಮಾಡ್ಕೋಬೇಡಿ."

ಸ್ಟೂಲಕ್ಕ ಅದನ್ನು ಮನೆಯಲ್ಲಿ ಹೇಳಿದಳು. ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದರು. ಮೂರು ಸಲ ತಪ್ಪಿತು. ಅವರಿಗೆ ಒಂದು ಸಲ ತಪ್ಪಿದ್ದನ್ನೂ ಸೊಸೆ ಹಿಂದೆ ಕಂಡಿರಲಿಲ್ಲ. "ಕೊಡ್ಲಿ ಬಿಡು," ಎಂದರು ಅತ್ತೆ. ಆ "ಬಿಡು" ಎಂಬ ಮಾತಿನಲ್ಲಿ ಬಿಟ್ಟ ಲಕ್ಷಣ ಎಳ್ಳಷ್ಟೂ ಇರಲಿಲ್ಲ.

ಅದೇ ವಾರ ಕಿಟಕಿಗೆ ಐದು ಜನರ ತಂಡವೊಂದು ಬಂತು. ಮುಂದಾಳು ಒಬ್ಬಳು ಹುಡುಗಿ, ಹೆಸರು ಪಟ್ಟಿ. ಉಸಿರಾಡುವುದನ್ನೂ ಬರೆದಿಟ್ಟುಕೊಂಡು ಉಸಿರಾಡುವವಳು ಎಂದು ಗೆಳೆಯರು ಇಟ್ಟ ಹೆಸರು. ಅವಳ ಪಕ್ಕದಲ್ಲಿ ಆರಡಿ ಮೂರಂಗುಲದ ಹುಡುಗ. ಅವನಿಗೆ ಏಣಿ ಎಂದು ಹೆಸರಿಡಲು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ.

"ಏಳು ಬಣ್ಣ, ಹದಿನಾಲ್ಕು ಬ್ರಷ್ಷು, ಒಂದು ಏಣಿ," ಎಂದು ಪಟ್ಟಿ ಓದಿದಳು.

"ಏಣಿ ನಿನ್ನ ಪಕ್ಕದಲ್ಲೇ ನಿಂತಿದೆಯಲ್ಲ ತಾಯಿ. ಬಣ್ಣ ಯಾವುದಕ್ಕೆ?"

"ಮಾರ್ಕೆಟ್ ಹತ್ರ ಅರವತ್ತೆರಡು ಮೆಟ್ಟಿಲಿದೆಯಲ್ಲ ಅಕ್ಕಾ, ಅದಕ್ಕೆ. ಒಂದೊಂದಕ್ಕೆ ಒಂದೊಂದು ಬಣ್ಣ. ಕೆಳಗಿಂದ ನೋಡಿದ್ರೆ ಕಾಮನಬಿಲ್ಲು!"

ಊರಿನಲ್ಲಿ ಇರುವ ಅಷ್ಟೂ ಜಾಗ ಬಿಟ್ಟು ಇವರು ಆರಿಸಿದ್ದು ಸ್ಟೂಲಕ್ಕನ ಮೆಟ್ಟಿಲನ್ನೇ. ಮುಖದಲ್ಲಿ ಏನೂ ತೋರಿಸದೆ ಮಾಮೂಲಿ ವ್ಯಾಪಾರ ಶುರು ಮಾಡಿದಳು.

"ಯಾರಿಗೆ ಬೇಕು?"

"ಎಲ್ರಿಗೂ."

"ಎಲ್ರಿಗೂ ಅನ್ನೋರ ಮನೆ ಎಲ್ಲಿ? ವಿಳಾಸ ಕೊಡು."

ಏಣಿ ಕಿಸಕ್ಕನೆ ನಕ್ಕ. ಪಟ್ಟಿ ಅವನ ಕಾಲು ತುಳಿದಳು.

"ಅವರನ್ನ ಕೇಳಿದ್ರಾ?"

"ಕಾಮನಬಿಲ್ಲು ಬೇಡ ಅನ್ನೋರು ಯಾರಿರ್ತಾರೆ ಅಕ್ಕಾ?"

"ಬಣ್ಣದ ಮೇಲೆ ಮಳೆ ಬಿದ್ದು ಜಾರಿದೋರು ಅಂತಾರೆ. ನೀವು ಹೋದ ಮೇಲೆ ಯಾರು ನೋಡ್ಕೋತಾರೆ?"

ಪಟ್ಟಿ ತನ್ನ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿದಳು. ಅದರಲ್ಲಿ ಇದೊಂದು ಇರಲಿಲ್ಲ. ಐದು ಫೋನು ಡ್ರಾಯರಿಗೆ ಹೋದವು, ಐದು ಸ್ಟೂಲು ಹೊರಗೆ ಬಂದವು.

ಇಲ್ಲಿಗೇ ನಿಲ್ಲಿಸಿದ್ದರೆ ಸ್ಟೂಲಕ್ಕನ ಇಪ್ಪತ್ತು ವರ್ಷದ ಮರ್ಯಾದೆ ಉಳಿಯುತ್ತಿತ್ತು. ಆದರೆ ಉಗ್ರಾಣದ ಮೂಲೆಯಲ್ಲಿ, ಹಳೇ ವ್ಯಾಯಾಮ ಶಾಲೆಯಿಂದ ಬಂದ ಹನ್ನೊಂದು ಕಬ್ಬಿಣದ ಕೊಳವೆಗಳನ್ನು ಅವಳು ಒಂದು ವರ್ಷದಿಂದ ಬಟ್ಟೆ ಮುಚ್ಚಿ ಕಾಪಾಡಿಕೊಂಡು ಬಂದಿದ್ದಳು. ಮೆಟ್ಟಿಲಿನ ಪಕ್ಕ ಹಿಡಿದು ಇಳಿಯಲು ಒಂದು ಕಂಬಿ ಇದ್ದರೆ ಅತ್ತೆ ಇಳಿಯುತ್ತಾರೆ ಎನ್ನುವುದು ಅವಳ ಲೆಕ್ಕಾಚಾರ. ಒಳಗೆ ದಾಸ್ತಾನು ಇಟ್ಟುಕೊಂಡವರ ನಾಲಿಗೆ ಸುಮ್ಮನಿರುವುದಿಲ್ಲ.

"ನೋಡಿ," ಎಂದಳು, ಹೊರಟವರನ್ನು ಕರೆದು. "ಕೂತಿರೋವಾಗ, ಹಾಗೇ ಸುಮ್ನೆ, ಹಿಡ್ಕೊಳ್ಳೋಕೆ ಕಂಬಿ ಬೇಕಾ ಅಂತಲೂ ಒಂದು ಮಾತು ಕೇಳಿ."

ಪಟ್ಟಿ ಅದನ್ನು ಬರೆದುಕೊಂಡಳು. ಬರೆದುಕೊಳ್ಳುವವರ ಮುಂದೆ ನಾಲಿಗೆ ಜಾರಬಾರದು. ಇದು ಸ್ಟೂಲಕ್ಕನಿಗೆ ಆಮೇಲೆ ಗೊತ್ತಾಯಿತು.

ಮೊದಲ ದಿನ ಮೆಟ್ಟಿಲಿನ ಬದಿಯ ಅಂಗಡಿಯವರು ಅವರನ್ನು ಯಾವುದೋ ಸರ್ಕಾರಿ ಆಫೀಸಿನವರೆಂದು ತಿಳಿದು, ದಾರಿಗೆ ಚಾಚಿದ್ದ ಸಾಮಾನುಗಳನ್ನೆಲ್ಲ ಒಳಗೆಳೆದುಕೊಂಡರು. ಎರಡನೇ ದಿನ ಸಾಮಾನು ಹೊರಗೆ ಬಂತು, ಮಾತೂ ಬಂತು. ಬೆನ್ನ ಮೇಲೆ ಮೂಟೆ ಹೊತ್ತ ಹಮಾಲಿಯೊಬ್ಬ ಮೂವತ್ತೊಂದನೇ ಮೆಟ್ಟಿಲಿನ ಅಗಲವಾದ ಜಾಗದಲ್ಲಿ ನಿಂತು, ಏಣಿಯನ್ನೇ ದಿಟ್ಟಿಸಿ ನೋಡಿದ.

"ಏನಣ್ಣಾ?" ಎಂದ ಏಣಿ.

"ಏನಿಲ್ಲಪ್ಪ. ನೀನು ಎದ್ದರೆ ಈ ಮೂಟೆ ಕೂತ್ಕೊಳುತ್ತೆ."

ಏಣಿ ಎದ್ದ. ಮೂಟೆ ಕೂತಿತು. ಹಮಾಲಿ ಸೊಂಟ ನೆಟ್ಟಗೆ ಮಾಡಿ, ಮುಖ ಒರೆಸಿಕೊಂಡು, ಇಡೀ ಮಾರ್ಕೆಟ್ಟನ್ನು ಅವತ್ತೇ ಮೊದಲು ನೋಡಿದವನಂತೆ ನೋಡಿದ. ಆಮೇಲೆ ಸಂಜೆಯವರೆಗೆ ಏಣಿಗೆ ಸ್ಟೂಲು ಸಿಗಲಿಲ್ಲ.

ಶನಿವಾರ ಐವರೂ ಕಿಟಕಿಗೆ ಬಂದರು. ಪಟ್ಟಿಯ ಕೈಯಲ್ಲಿ ಒಂದು ನೋಟ್‌ಬುಕ್ಕು.

"ನಲವತ್ತಮೂರು ಜನ ಮಾತಾಡಿದ್ರು ಅಕ್ಕಾ. ಒಬ್ಬರು ಮೇಲಿನ ಮನೆಯವರ ರೇಡಿಯೋ ನಿಲ್ಲಿಸಿ ಅಂದ್ರು. ಮೇಲಿನ ಮನೆಯವರು ಕೆಳಗಿನವರ ಬಾಯಿ ನಿಲ್ಲಿಸಿ ಅಂದ್ರು. ಹೊರೆ ಹೊರೋರೆಲ್ಲ ನಡುವೆ ಎಲ್ಲಾದ್ರೂ ಹೊರೆ ಇಳಿಸೋ ಹಾಗಿದ್ರೆ ಸಾಕು ಅಂದ್ರು. ಕಾಮನಬಿಲ್ಲು ಅಂತ ಯಾರೂ ಅನ್ನಲಿಲ್ಲ."

"ಕಂಬಿ?" ಎಂದಳು ಸ್ಟೂಲಕ್ಕ, ಆ ಕಡೆ ಎಲ್ಲೋ ನೋಡುತ್ತ.

"ಅದೇ ವಿಚಿತ್ರ ನೋಡಿ. ಕಂಬಿ ಬೇಕಾ ಅಂತ ಕೇಳಿದ್ರೆ ಎಲ್ರೂ ಬೇಕು ಅಂದ್ರು. ಏನು ಬೇಕು ಅಂತ ಕೇಳಿದ್ರೆ ಒಬ್ರೂ ಕಂಬಿ ಅನ್ನಲಿಲ್ಲ. ಅಂದ್ರೆ ಆ ಪ್ರಶ್ನೆನೇ ಸರಿಯಿಲ್ಲ ಅಂತ ನಾನು ಹೊಡೆದು ಹಾಕ್ದೆ." ಹೊಡೆದು ಹಾಕಿದ್ದನ್ನು ತೋರಿಸಿಯೂ ಬಿಟ್ಟಳು.

ಸ್ಟೂಲಕ್ಕ ನೀರು ಕುಡಿದಳು.

"ಇನ್ನೊಬ್ರು ಉಳಿದಿದ್ದಾರೆ," ಎಂದ ಏಣಿ. "ಮೇಲ್ಗಡೆ ಮೊದಲನೇ ಮನೆ ಕಿಟಕಿಯಲ್ಲಿ ಒಬ್ಬರು ಅಜ್ಜಿ. ಮೂರು ದಿನವೂ ನಮ್ಮನ್ನೇ ನೋಡ್ತಾ ಇದ್ರು. ನಾವು ನೋಡಿದ್ರೆ ಪರದೆ ಎಳೀತಾರೆ. ಆ ಪರದೆಗೆ ಎರಡು ಅಂಚು ಹೊಲ್ದಿದ್ದಾರೆ ಅಕ್ಕಾ, ಯಾರು ಹಾಗೆ ಹೊಲೀತಾರೆ?"

"ಅವರನ್ನ ಬಿಡಿ. ಅವರಿಗೆ ಬೇಕಾಗಿರೋದು ಕಂಬಿನೇ. ನಂಗೆ ಗೊತ್ತು."

"ಕೇಳಿದ್ರಾ?" ಎಂದಳು ಪಟ್ಟಿ.

ಇಪ್ಪತ್ತು ವರ್ಷ ಈ ಪ್ರಶ್ನೆ ಕಿಟಕಿಯ ಒಳಗಿನಿಂದ ಹೊರಗೆ ಹೋಗಿತ್ತು. ಹೊರಗಿನಿಂದ ಒಳಗೆ ಬಂದದ್ದು ಇದೇ ಮೊದಲು. ಸ್ಟೂಲಕ್ಕ ತಬ್ಬಿಬ್ಬಾಗಿ, ಬಾಯಿಗೆ ಬಂದದ್ದನ್ನೇ ಹೇಳಿಬಿಟ್ಟಳು.

"ಅವರು ನಮ್ಮತ್ತೆ ಕಣಮ್ಮ!"

"ಓ," ಎಂದ ಏಣಿ. "ಹಾಗಾದ್ರೆ ಕೇಳಿರೋದೇ ಇಲ್ಲ ಬಿಡಿ."

ಹಿಂದೆ ನಿಂತಿದ್ದ ಮೂವರು ಗೋಡೆಯ ಕಡೆ ತಿರುಗಿ ಹೆಗಲು ಕುಣಿಸುತ್ತಿದ್ದರು. ಮೇಸ್ತ್ರಿಯ ಮಾತು, ಒಂದನೇ ತಾರೀಖು, ಬಟ್ಟೆ ಹೊದ್ದ ಹನ್ನೊಂದು ಕೊಳವೆ, ಎಲ್ಲವೂ ಒಂದೊಂದಾಗಿ ಹೊರಗೆ ಬಂತು. ಪಟ್ಟಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಒಂದು ಸ್ಟೂಲನ್ನು ಮಡಚಿ, ಕಿಟಕಿಯ ಮೂಲಕ ಒಳಗೆ ತಳ್ಳಿದಳು. ಜೊತೆಗೆ ಅಂಗೈ ಚಾಚಿದಳು.

"ಏನು?"

"ಫೋನು ಅಕ್ಕಾ."

ಭಾನುವಾರ ಮಧ್ಯಾಹ್ನ ಸ್ಟೂಲಕ್ಕ ತನ್ನದೇ ಮನೆಯ ಕೋಣೆಯಲ್ಲಿ, ಅತ್ತೆಯ ಮುಂದೆ, ಸ್ಟೂಲು ಬಿಚ್ಚಿ ಕೂತಳು. ಗಂಡ ಬಾಗಿಲಲ್ಲಿ ಇಣುಕಿ, ವಾತಾವರಣ ನೋಡಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಹೋದ.

ಅತ್ತೆ ಕನ್ನಡಕದ ಮೇಲಿನಿಂದ ನೋಡಿದರು. "ಏನೇ, ಹುಷಾರಿಲ್ವಾ?"

"ಚೆನ್ನಾಗಿದ್ದೀನಿ ಅತ್ತೆ."

"ಮತ್ತೆ ಯಾಕೆ ಕೂತಿದ್ದೀಯ?"

"ಸುಮ್ನೆ."

"ಈ ಮನೆಗೆ ಬಂದು ಇಪ್ಪತ್ತೆಂಟು ವರ್ಷ ಆಯ್ತು, ನೀನು ಸುಮ್ನೆ ಕೂತಿದ್ದನ್ನ ನಾನು ನೋಡಿಲ್ಲ. ಯಾರಾದ್ರೂ ಸತ್ರಾ?"

"ಯಾರೂ ಸತ್ತಿಲ್ಲ ಅತ್ತೆ!"

ಮೊದಲ ಅರ್ಧ ಗಂಟೆ ಕತ್ತರಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸ್ಟೂಲಕ್ಕನ ಕೈ ನಾಲ್ಕು ಸಲ ಫೋನಿಗಾಗಿ ಸೊಂಟ ತಡಕಿತು. ಹೇಳಬೇಕೆನ್ನಿಸಿದ ಮಾತನ್ನೆಲ್ಲ ನುಂಗಿದಳು. ವಿದ್ಯಾರ್ಥಿಗಳನ್ನು ಆರಾಮಾಗಿ ಅಟ್ಟುತ್ತಿದ್ದಳಲ್ಲ, ಈ ಸ್ಟೂಲು ಇಷ್ಟು ಗಟ್ಟಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಒಂದು ಗಂಟೆಯಾದ ಮೇಲೆ ಅತ್ತೆ ದಾರದ ಲಡಿಯೊಂದನ್ನು ಸೊಸೆಯ ಎರಡು ಕೈಗೆ ಸಿಕ್ಕಿಸಿ, ಉಂಡೆ ಸುತ್ತತೊಡಗಿದರು. ಕೈ ಕಟ್ಟಿಹಾಕಿದವಳ ಮುಂದೆ ಮಾತು ಸುಲಭವೆನ್ನಿಸಿತೋ ಏನೋ.

"ಆ ಹುಡುಗರು ಮೆಟ್ಟಿಲಲ್ಲಿ ಕೂತಿದ್ರಲ್ಲ," ಎಂದರು, ಉಂಡೆಯನ್ನೇ ನೋಡುತ್ತ. "ಆ ಉದ್ದದ ಹುಡುಗ. ಒಳ್ಳೆ ಜಾಗದಲ್ಲೇ ಕೂತಿದ್ದ."

"ಹೌದಾ ಅತ್ತೆ?"

"ಅಲ್ಲಿಗೆ ಬರೋ ಹೊತ್ತಿಗೆ ನಂಗೆ ಉಸಿರು ಬೇಕು. ಕಾಲು ಸರಿಯಾಗಿದೆ ಕಣೇ, ಉಸಿರು ಸಾಲದು. ಒಂದು ನಿಮಿಷ ನಿಂತ್ರೆ ಸಾಕು. ಆದ್ರೆ ನಿಂತೆ ಅಂದ್ರೆ ನೋಡು, ಊರೇ ಓಡಿ ಬರುತ್ತೆ. ಅಜ್ಜಿ ಏನಾಯ್ತು, ಅಜ್ಜಿ ನೀರು ಬೇಕಾ, ಅಜ್ಜಿ ಕೈ ಕೊಡಿ. ಬಿದ್ದ ಮೇಲೆ ಒಂದು ಸಲ ಇಳಿಯೋಕೆ ಹೋಗಿದ್ದೆ. ನಿಂಗೆ ಹೇಳಿಲ್ಲ. ನಾಲ್ಕು ಜನ ಹಿಡ್ಕೊಂಡು ವಾಪಸ್ ತಂದು ಬಿಟ್ರು, ಪಾರ್ಸೆಲ್ ತಂದ ಹಾಗೆ."

"ಹಿಡ್ಕೊಳ್ಳೋಕೆ ಒಂದು ಕಂಬಿ..." ಎಂದು ಸ್ಟೂಲಕ್ಕನ ಬಾಯಿಂದ ಅರ್ಧ ಹೊರಬಿತ್ತು.

"ಕಂಬಿ ಹಿಡ್ಕೊಂಡು ಇಳಿಯೋಳನ್ನ ನೋಡಿದ್ರೆ ಏನಂತಾರೆ? ಪಾಪ ಅಂತಾರೆ. ಪಾಪ ಅನ್ನಿಸ್ಕೊಂಡು ಹೋಗಿ ಮಿಷನ್ ಮುಂದೆ ಕೂತ್ರೆ, ಗಿರಾಕಿ ಬಟ್ಟೆ ಕೊಡ್ತಾನಾ, ಸಮಾಧಾನ ಹೇಳ್ತಾನಾ?" ಉಂಡೆ ಎರಡು ಸುತ್ತು ಬಿಗಿಯಾಯಿತು. "ಎಲ್ರೂ ಕೂತ್ಕೊಳ್ಳೋ ಒಂದು ಜಾಗ ಇದ್ರೆ ನಾನೂ ಕೂತಿರ್ತೀನಿ. ಮಾರ್ಕೆಟ್ ನೋಡ್ತಾ ಕೂತಿದ್ದಾಳೆ ಅಂತಾರೆ. ಅಷ್ಟೇ."

ಸ್ಟೂಲಕ್ಕನ ಕೈ ಲಡಿಯೊಳಗಿತ್ತು. ಕಣ್ಣು ಒರೆಸಿಕೊಳ್ಳಲೂ ಆಗದೆ, ಮೂಗು ಏರಿಸಿದಳು. ಅತ್ತೆ ತಲೆಯೆತ್ತಿ, "ನೆಗಡಿ ಬೇರೆ," ಎಂದು ಸಿಡುಕಿದರು.

ಸೋಮವಾರ ಬೆಳಿಗ್ಗೆ ಅವಳೇ ಕಿಟಕಿಯಲ್ಲಿ ಮಕ್ಕಳನ್ನು ಕಾಯುತ್ತಿದ್ದಳು. ಹೇಳಿದ್ದನ್ನು ಪಟ್ಟಿ ಅಕ್ಷರ ಬಿಡದೆ ಬರೆದುಕೊಂಡಳು. ಹಮಾಲಿಗೆ ಬೇಕಾದದ್ದೂ ಅಜ್ಜಿಗೆ ಬೇಕಾದದ್ದೂ ಒಂದೇ ಮೆಟ್ಟಿಲಿನಲ್ಲಿ ಬಂದು ಕೂಡಿದ್ದವು. ಮೂವತ್ತೊಂದನೇ ಮೆಟ್ಟಿಲಿನ ಅಗಲ ಜಾಗದಲ್ಲಿ ಗೋಡೆಗೆ ಆನಿಸಿ ಒಂದು ಬೆಂಚು. ಅದರ ಪಕ್ಕದಲ್ಲೇ, ಬಗ್ಗದೆ ಹೊರೆ ಇಳಿಸುವಷ್ಟು ಎತ್ತರದಲ್ಲಿ ಒಂದು ಹಲಗೆ. ಕೊಳವೆಗಳು ಕಾಲಾದವು, ಪರೀಕ್ಷಾ ಹಾಲಿನ ಮುರಿದ ಡೆಸ್ಕುಗಳು ಹಲಗೆಯಾದವು. ವಾರ್ಡ್ ಆಫೀಸಿನ ಅನುಮತಿಗೆ ಪಟ್ಟಿ ಮೂರು ಸಲ ಹೋದಳು. ಮೂರನೇ ಸಲ ಅವಳೂ ಒಂದು ಸ್ಟೂಲು ತೆಗೆದುಕೊಂಡು ಹೋಗಿ ಇಂಜಿನಿಯರ ಬಾಗಿಲ ಮುಂದೆ ಕೂತಳು. ಅರ್ಧ ಗಂಟೆಯಲ್ಲಿ ಅವರೇ ಹೊರಗೆ ಬಂದು, ಏನಮ್ಮಾ ಎಂದು ಕೇಳಿ, ಜಾಗ ನೋಡಲು ಜೊತೆಗೇ ಹೊರಟರು.

ಕೆಲಸ ನಡೆಯುವಾಗ ಸ್ಟೂಲಕ್ಕ ದಿನಾ ಸಂಜೆ ಮನೆಗೆ ಹತ್ತುವಾಗ ಅಲ್ಲಿ ನಿಲ್ಲುತ್ತಿದ್ದಳು. ಎರಡೂ ಕೈ ಬೆನ್ನ ಹಿಂದೆ. ಅವು ಮುಂದೆ ಬಂದರೆ ಸುತ್ತಿಗೆ ಹಿಡಿಯುತ್ತವೆ ಎಂದು ಅವಳಿಗೆ ಗೊತ್ತಿತ್ತು. ಹೊರೆ ಇಳಿಸುವ ಹಲಗೆಯ ಎತ್ತರವನ್ನು ಏಣಿ ತನ್ನ ಹೆಗಲಿಗೆ ಹಿಡಿದು ಅಳೆದ. ಆ ಎತ್ತರಕ್ಕೆ ಹೊರೆ ಏರಿಸಬೇಕಾದರೆ ಹಮಾಲಿಗೆ ರೆಕ್ಕೆ ಬೇಕು. ಸ್ಟೂಲಕ್ಕ ತುಟಿ ಕಚ್ಚಿಕೊಂಡು ಆಕಾಶ ನೋಡಿದಳು.

"ಲೋ ಏಣೀ," ಎಂದಳು ಪಟ್ಟಿ, "ಹೊರೋನು ನೀನಾ?"

ಹಮಾಲಿಗಳನ್ನೇ ಕರೆದು, ಒಬ್ಬೊಬ್ಬರನ್ನೂ ಗೋಡೆಗೆ ಒತ್ತಿ ನಿಲ್ಲಿಸಿ, ಹೆಗಲಿನ ಮಟ್ಟಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಒಂಬತ್ತು ಗೆರೆ. ಎಲ್ಲಕ್ಕಿಂತ ಕೆಳಗಿನದಕ್ಕೆ ಹಲಗೆ ನಿಂತಿತು. ಗೋಡೆ ಕೊಳಕಾಯಿತೆಂದು ಒಬ್ಬ ರಬ್ಬರು ಹಿಡಿದು ಬಂದ.

"ಅದನ್ನ ಮುಟ್ಟಿದ್ರೆ ನೋಡು!" ಎಂದು ಸ್ಟೂಲಕ್ಕ ಕೂಗಿದ ರಭಸಕ್ಕೆ ಅವನ ಕೈಯಿಂದ ರಬ್ಬರು ಹಾರಿ ಮಾರ್ಕೆಟ್ಟಿಗೆ ಬಿತ್ತು. ಯಾಕೆ ಎಂದು ಯಾರಿಗೂ ಅರ್ಥವಾಗಲಿಲ್ಲ. ಅವಳೂ ಹೇಳಲಿಲ್ಲ.

ಬೆಂಚು ಸಿದ್ಧವಾಗುವಷ್ಟರಲ್ಲಿ ತಿಂಗಳು ಮುಗಿಯಲು ಎಂಟೇ ದಿನ ಉಳಿದಿತ್ತು. ಮೂರನೇ ಪ್ರಶ್ನೆಗೆ ಮಾತ್ರ ಉತ್ತರವಿರಲಿಲ್ಲ. ನಾವು ಹೋದ ಮೇಲೆ ಯಾರು ನೋಡ್ಕೋತಾರೆ? ಅಂಗಡಿಯವರು ಹಮಾಲಿಗಳೆಂದರು, ಹಮಾಲಿಗಳು ಅಂಗಡಿಯವರೆಂದರು. ಎರಡು ದಿನ ಪಟ್ಟಿ ನೋಟ್‌ಬುಕ್ಕು ನೋಡುತ್ತ ಉಗುರು ಕಚ್ಚಿದಳು. ಮೂರನೇ ದಿನ ಉಗುರು ಮುಗಿದು, ಉಪಾಯ ಹೊಳೆಯಿತು.

ಬೆಂಚಿನ ಕೆಳಗೆ ಒಂದು ಪೆಟ್ಟಿಗೆ ಕೂರಿಸಿ, ಅದರಲ್ಲಿ ಒರೆಸುವ ಬಟ್ಟೆ, ಬ್ರಷ್ಷು, ಸ್ವಲ್ಪ ಎಣ್ಣೆ, ನಾಲ್ಕು ಸ್ಕ್ರೂ ಇಟ್ಟು, ಬೀಗ ಹಾಕಿ, ಬೀಗದ ಕೈ ತೆಗೆದುಕೊಂಡು ಏಣಿಯ ಜೊತೆ ಅಜ್ಜಿಯ ಮುಂದೆ ಹೋಗಿ ಕೂತಳು. ಸ್ಟೂಲಕ್ಕನಿಗೆ ಅಡುಗೆಮನೆಯಿಂದ ಹೊರಗೆ ಬರಬೇಡಿ ಎಂದು ಅಪ್ಪಣೆಯಾಗಿತ್ತು. ಅವಳು ಬಾಗಿಲ ಹಿಂದೆ ಸೌಟು ಹಿಡಿದು ನಿಂತು, ಉಸಿರು ಬಿಗಿಹಿಡಿದು ಕೇಳಿಸಿಕೊಂಡಳು.

"ಆ ಬೆಂಚಿಗೆ ಒಬ್ಬರು ಯಜಮಾನರು ಬೇಕು ಅಜ್ಜಿ. ದಿನಾ ಬೆಳಿಗ್ಗೆ ಒರೆಸಬೇಕು, ಸ್ಕ್ರೂ ನೋಡಬೇಕು, ಯಾರಾದ್ರೂ ಗಲಾಟೆ ಮಾಡಿದ್ರೆ ಬೈಬೇಕು."

"ಬೈಯೋಕೆ ನಾನೇ ಸರಿ ಅಂತ ಯಾರು ಹೇಳಿದ್ದು? ನಮ್ಮ ಸೊಸೆನಾ?"

"ಇಲ್ಲ ಅಜ್ಜಿ, ನಲವತ್ತಮೂರು ಜನ ಹೇಳಿದ್ರು," ಎಂದ ಏಣಿ.

ಅತ್ತೆ ಬೀಗದ ಕೈಯನ್ನು ಮುಟ್ಟದೆ ನೋಡಿದರು. "ದಿನಾ ಒರೆಸಬೇಕು ಅಂದ್ರೆ ದಿನಾ ಮೂವತ್ತೊಂದು ಮೆಟ್ಟಿಲು ಇಳೀಬೇಕಲ್ಲ. ಹತ್ತಲೂಬೇಕು."

"ಹೌದು. ಕಷ್ಟದ ಕೆಲಸ," ಎಂದಳು ಪಟ್ಟಿ, ಎದ್ದು ನಿಂತು. "ನಿಮಗೆ ಆಗಲ್ಲ ಅಂದ್ರೆ ಬೇಡ ಅಜ್ಜಿ. ರೇಡಿಯೋ ಮನೆಯವರನ್ನ ಕೇಳ್ತೀವಿ."

ಬೇಡ ಎಂದು ಎದ್ದು ಹೊರಡುವ ಗಿರಾಕಿಯ ಬೆನ್ನಿಗೆ ಇರುವಷ್ಟು ಶಕ್ತಿ ಬೇರೆ ಯಾವ ಮಾತಿಗೂ ಇಲ್ಲ. ಪಟ್ಟಿ ಹೊಸಿಲು ದಾಟುವ ಮೊದಲೇ ಒಳಗಿನಿಂದ ಕೂಗು ಬಂತು.

"ರೇಡಿಯೋದವರಾ? ಅವರ ಮನೆ ಕಿಟಕಿ ನೋಡಿದ್ದೀಯಾ, ಧೂಳು ಒಂದು ಇಂಚಿದೆ! ಕೂತ್ಕೋ ಇಲ್ಲಿ. ಕೊಡು ಆ ಕೀ."

ಬಾಗಿಲ ಹಿಂದೆ ಸೌಟು ಕೆಳಗೆ ಬಿತ್ತು. "ಅಡುಗೆಮನೆಯಲ್ಲಿ ಇಲಿ ಇದೆ," ಎಂದರು ಅತ್ತೆ, ಗಂಭೀರವಾಗಿ.

ಮರುದಿನ ಬೆಳಿಗ್ಗೆ ಎಂಟಕ್ಕೆ ಅತ್ತೆ ಸೆರಗಿಗೆ ಬೀಗದ ಕೈ ಗಂಟು ಹಾಕಿಕೊಂಡು ಹೊರಟರು. ಸೊಸೆಗೆ ಹಿಂದೆ ಬರಬಾರದೆಂದು ತಾಕೀತು. ಮಗ ಮೇಲಿನ ಮೆಟ್ಟಿಲಲ್ಲಿ ಶೂ ಲೇಸು ಕಟ್ಟುವ ನೆಪದಲ್ಲಿ ಕೂತ. ಇಪ್ಪತ್ತು ನಿಮಿಷ ಒಂದೇ ಲೇಸು ಕಟ್ಟಿದ. ಅತ್ತೆ ಮೂವತ್ತೊಂದನೇ ಮೆಟ್ಟಿಲು ತಲುಪಿ, ಬೆಂಚು ಒರೆಸಿ, ಕೂತರು. ಅಲ್ಲಿ ಆಗಲೇ ಇಬ್ಬರು ಕೂತಿದ್ದರು. ಯಾರೂ ಏನಾಯ್ತು ಅಜ್ಜಿ ಎನ್ನಲಿಲ್ಲ. ಸ್ವಲ್ಪ ಸರಿದು ಜಾಗ ಕೊಟ್ಟರು, ಅಷ್ಟೇ.

ಐದು ದಿನ ಹಾಗೇ ನಡೆಯಿತು. ಒರೆಸುವುದು ಐದು ನಿಮಿಷ, ಕೂರುವುದು ಒಂದು ಗಂಟೆ. ಕೆಳಗೆ ಟೈಲರುಗಳ ಸಾಲು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಮೂರನೇ ಜಾಗದಲ್ಲಿ ಬಟ್ಟೆ ಮುಚ್ಚಿದ ಮಿಷನ್ನು. ಸ್ಟೂಲಕ್ಕ ಏನೂ ಕೇಳಲಿಲ್ಲ. ಕ್ಯಾಲೆಂಡರಿನ ಕಡೆ ನೋಡುವುದನ್ನೂ ಬಿಟ್ಟಳು. ಊಟ ಮಾತ್ರ ಸೇರುತ್ತಿರಲಿಲ್ಲ.

ಒಂದನೇ ತಾರೀಖು ಬೆಳಿಗ್ಗೆ ಅತ್ತೆ ಬೆಂಚು ಒರೆಸಿ ಕೂತಿದ್ದಾಗ, ಕೆಳಗೆ ಮೇಸ್ತ್ರಿ ಯಾರೋ ಒಬ್ಬನನ್ನು ಕರೆದುಕೊಂಡು ಬಂದ. ಆ ಹೊಸಬ ಮಿಷನ್ನಿನ ಮೇಲಿನ ಬಟ್ಟೆ ಎತ್ತಿ, ಚಕ್ರವನ್ನು ಹಿಂದಕ್ಕೆ ತಿರುಗಿಸಿದ. ಹಿಂದಕ್ಕೆ!

"ಏಯ್!"

ಆ ಕೂಗಿಗೆ ಮಾರ್ಕೆಟ್ಟಿನ ಅರ್ಧ ಜನ ತಲೆಯೆತ್ತಿದರು. "ಚಕ್ರ ಹಿಂದಕ್ಕೆ ತಿರುಗಿಸ್ತಾರೇನಯ್ಯಾ? ದಾರ ಸಿಕ್ಕುತ್ತೆ! ಕೈ ತೆಗಿ!"

"ಅಕ್ಕಾ, ಇಲ್ಲಿಂದ ಸರಿಯಾಗಿ ಕೇಳಿಸ್ತಾ ಇಲ್ಲ!" ಎಂದು ಮೇಸ್ತ್ರಿ ಕೆಳಗಿನಿಂದಲೇ ಕೂಗಿದ. ಅವನಿಗೆ ಚೆನ್ನಾಗಿ ಕೇಳಿಸಿತ್ತು. "ಬಂದು ತೋರಿಸ್ಕೊಡಿ!"

ಅತ್ತೆ ಎದ್ದರು. ಹಮಾಲಿಯೊಬ್ಬ ಕೈ ಕೊಡಲು ಹೋದ. ಪಕ್ಕದವನು ಅವನ ಅಂಗಿ ಹಿಡಿದೆಳೆದ. ಬೈಯುತ್ತ ಇಳಿಯುವವರಿಗೆ ಉಸಿರಿನ ನೆನಪಿರುವುದಿಲ್ಲ. ಉಳಿದ ಮೂವತ್ತೊಂದು ಮೆಟ್ಟಿಲನ್ನೂ ಇಳಿದು, ಹೊಸಬನನ್ನು ಬದಿಗೆ ಸರಿಸಿ, ಮಿಷನ್ನಿನ ಮುಂದೆ ಕೂತು, ಬೆಲ್ಟು ಮುಟ್ಟಿ ನೋಡಿ, "ಎರಡು ವರ್ಷ ಇದಕ್ಕೆ ಒಂದು ಹನಿ ಎಣ್ಣೆ ಹಾಕಿಲ್ಲ, ನೀವೆಲ್ಲ ಟೈಲರುಗಳಾ?" ಎಂದರು. ಸಾಲಿಗೆ ಸಾಲೇ ಚಪ್ಪಾಳೆ ತಟ್ಟಿತು. ಹೊಸಬ ಮೇಸ್ತ್ರಿಯ ಅಳಿಯ. ಅವನಿಗೆ ಹೊಲಿಗೆ ಬರುತ್ತಿರಲಿಲ್ಲ. ಮಾವ ಚಕ್ರ ಹಿಂದಕ್ಕೆ ತಿರುಗಿಸು ಎಂದಿದ್ದ, ತಿರುಗಿಸಿದ್ದ.

ಉಗ್ರಾಣದ ಕಿಟಕಿಗೆ ಸುದ್ದಿ ಬಂದದ್ದು ಮಧ್ಯಾಹ್ನ. ಐವರೂ ಓಡುತ್ತಲೇ ಬಂದು, ಐದು ಬಾಯಲ್ಲಿ ಒಟ್ಟಿಗೆ ಹೇಳಿದರು. ಸ್ಟೂಲಕ್ಕ ಪೂರ್ತಿ ಕೇಳಿ, ಒಳಗೆ ಗುದ್ದಲಿಗಳ ಹಿಂದೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಮುಖ ತೊಳೆದುಕೊಂಡು ಬಂದಳು. ಬಂದವಳೇ ಗತ್ತಿನಿಂದ ರಿಜಿಸ್ಟರು ತೆರೆದಳು.

"ಸರಿ, ಸಾಮಾನು ವಾಪಸ್ ಕೊಡಿ. ಸುತ್ತಿಗೆ ಎರಡು, ಬಂತು. ಗರಗಸ, ಬಂತು. ಸ್ಟೂಲು... ನಾಲ್ಕೇ ಇದೆಯಲ್ಲ? ಐದನೇದು?"

ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅದು ಅಜ್ಜಿ ಹತ್ರ ಇದೆ," ಎಂದಳು ಪಟ್ಟಿ. "ಹಳೇ ಕುರ್ಚಿ ಕಾಲು ಅಲ್ಲಾಡ್ತಿತ್ತಂತೆ. ನಮ್ಮ ಸ್ಟೂಲು ಮಿಷನ್ನಿಗೆ ಸರಿಯಾದ ಎತ್ತರ ಅಂತೆ."

"ವಾಪಸ್ ಕೊಡಿ ಅಂತ ಕೇಳಿದ್ರಾ?"

"ಕೇಳಿದ್ವಿ ಅಕ್ಕಾ."

"ಏನಂದ್ರು?"

"ಕೊಡಲ್ಲ ಅಂದ್ರು."

ಸ್ಟೂಲಕ್ಕ ಪೆನ್ನು ಎತ್ತಿ, ಸ್ವಲ್ಪ ಯೋಚಿಸಿ, ಐದನೇ ಸ್ಟೂಲಿನ ಮುಂದೆ ದುಂಡಗೆ ಬರೆದಳು: ಬಳಕೆಯಲ್ಲಿದೆ. ಆಮೇಲೆ ರಿಜಿಸ್ಟರು ಮುಚ್ಚಿ, ಕಿಟಕಿಗೆ ಆಗಲೇ ಬಂದು ನಿಂತಿದ್ದ ಮುಂದಿನ ತಂಡದ ಕಡೆ ತಿರುಗಿದಳು. ಅವರಿಗೆ ಮೂವತ್ತು ಸಸಿ, ಆರು ಗುದ್ದಲಿ ಬೇಕಿತ್ತು.

"ಯಾರಿಗೆ ಬೇಕು?" ಎಂದಳು.